ಗೌಡಿಯ ಮೈ, ಪೈಷ್ಟಿಯ ಹೆಸರು

ದಾವಣಗೆರೆಯಲ್ಲಿ ಭಟ್ಟಿಯೆಂಬ ಶಬ್ದವನ್ನು ಉಚ್ಚರಿಸಿದರೆ ಕೇಳಿದವನ ಮನಸ್ಸು ಮೊದಲು ಹೋಗುವುದು ಮದ್ಯದ ಕಡೆಗಲ್ಲ, ಮಂಡಕ್ಕಿಯ ಕಡೆಗೆ. ನಗರದ ಒಂದು ಬಡಾವಣೆಗೆ ಬಡಾವಣೆಯೇ ಮಂಡಕ್ಕಿ ಭಟ್ಟಿಯೆಂಬ ಹೆಸರನ್ನು ಹೊತ್ತುಕೊಂಡು, ಕಾದ ಮರಳಿನಲ್ಲಿ ಅಕ್ಕಿಯನ್ನರಳಿಸುವ ಒಲೆಗಳ ಹೊಗೆಯನ್ನು ಆಕಾಶಕ್ಕೇರಿಸುತ್ತ, ಆ ಹಗುರವಾದ ಬಿಳಿಯ ಸರಕನ್ನು ಮೂಟೆಮೂಟೆಯಾಗಿ ಊರೂರಿಗೆ ಸಾಗಿಸುತ್ತ ಬಂದಿದೆ. ಬೇರೆ ಊರುಗಳಲ್ಲಿ ಬಟ್ಟಿ ಇಳಿಸುವುದೆಂದರೆ ಸಾರಾಯಿ ಕಾಯಿಸುವುದೆಂದೂ, ಕಳ್ಳಬಟ್ಟಿಯೆಂದರೆ ಪೊಲೀಸರ ದಾಳಿಯೆಂದೂ ಮಾತ್ರ ತಿಳಿದವರಿಗೆ ಇದು ವಿನೋದವಾಗಿ ತೋರಬಹುದು. ಆದರೆ ಸಾಯಂಕಾಲ ಏಳರ ಮೇಲೆ, ಹಳೆಯ ಪೇಟೆಯ ಯಾವುದಾದರೊಂದು ಬಾರಿನ ಒಳಮೇಜಿಗೆ ಹೋಗಿ ಕುಳಿತರೆ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಬೆರೆಸಿದ ಖಾರ ಮಂಡಕ್ಕಿಯ ತಟ್ಟೆಯ ಪಕ್ಕದಲ್ಲಿಯೇ ವಿಸ್ಕಿಯ ಲೋಟವು ಬಂದು ಕೂರುವುದನ್ನೂ, ಒಂದೇ ಹೆಸರಿನ ಎರಡು ಭಟ್ಟಿಗಳು ಹೀಗೆ ಒಂದು ಮೇಜಿನ ಮೇಲೆ ಸಂಧಿಸುವುದನ್ನೂ ನೋಡಬಹುದು.

ನಾನು ಈ ವಿಷಯದಲ್ಲಿ ಪಂಡಿತನಲ್ಲ. ಸವಿದುದಕ್ಕಿಂತ ಕೇಳಿದುದೇ ಹೆಚ್ಚು. ಕೇಳಿದುದೂ ಬಹುಮಟ್ಟಿಗೆ ನನ್ನ ಸೋದರಮಾವನಿಂದ ಮತ್ತು ಅವರ ಗೆಳೆಯರೊಬ್ಬರಿಂದ. ಮಾವನವರು ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ಹಿಡಿದು ನಿವೃತ್ತರಾದವರು. ಗೆಳೆಯರು ದಾವಣಗೆರೆಯಲ್ಲಿ ಹತ್ತಿಯ ದಲಾಲಿ ಮಾಡಿ, ಹತ್ತಿ ಹೋದ ಮೇಲೆ ಮೆಕ್ಕೆಜೋಳದ ದಲಾಲಿಗಿಳಿದವರು. ಇಬ್ಬರಿಗೂ ವಾರಕ್ಕೊಂದು ದಿನ ಭೇಟಿ, ಭೇಟಿಯಾದಾಗಲೆಲ್ಲ ವಾದ.

“ಸಾವ್ಕಾರ್ರೆ, ನಿಮ್ಮದರಾಗೆ ಏನೈತಿ? ಬರೀ ಬಣ್ಣ.”

“ಬಣ್ಣ ನೋಡಬ್ಯಾಡೋ ಮಾರಾಯ, ಗಂಟಲಾಗೆ ಹ್ಯಾಂಗ ಇಳೀತೈತಿ ಅದನ್ನ ನೋಡು.”

ಒಬ್ಬರು ಬ್ಯಾಗ್‌ಪೈಪರ್ ವಿಸ್ಕಿಯ ಪಕ್ಷ, ಇನ್ನೊಬ್ಬರು ಪೀಟರ್ ಸ್ಕಾಟಿನ ಪಕ್ಷ. ಮೂವತ್ತು ವರ್ಷ ಕಳೆದರೂ ಪಕ್ಷಾಂತರವಾಗಲಿಲ್ಲ. ರಾಜಕಾರಣದಲ್ಲಿಯೂ ಕಾಣದ ನಿಷ್ಠೆ! ಈ ವಾದವನ್ನು ಬಾಲ್ಯದಿಂದ ಕೇಳುತ್ತ ಬೆಳೆದ ನನಗೆ ಕ್ರಮೇಣ ಹುಟ್ಟಿದ ಸಂಶಯವೇನೆಂದರೆ, ಇವರಿಬ್ಬರೂ ಹೋಲಿಸುತ್ತಿರುವುದು ಪಾನೀಯಗಳನ್ನೋ ಅಥವಾ ಅವುಗಳ ಹೆಸರುಗಳನ್ನೋ ಎಂಬುದು. ಹತ್ತಿಯ ಅರಳೆಯನ್ನು ಎರಡು ಹೆಬ್ಬೆರಳುಗಳ ನಡುವೆ ಎಳೆದು, ಎಳೆಯ ಉದ್ದವನ್ನು ಕಣ್ಣಳತೆಯಿಂದಲೇ ಹೇಳಿ, ಇದು ಜಯಧರ, ಇದು ಲಕ್ಷ್ಮಿ ಎಂದು ವಿಂಗಡಿಸಬಲ್ಲವರಾಗಿದ್ದ ಆ ದಲಾಲರು, ತಮ್ಮ ಲೋಟದೊಳಗಿರುವ ವಸ್ತುವು ಯಾವ ಬೆಳೆಯಿಂದ ಹುಟ್ಟಿತೆಂಬುದನ್ನು ಒಮ್ಮೆಯೂ ಕೇಳಿದವರಲ್ಲ.

ಕೇಳಿದವರು ನಮ್ಮ ಪ್ರಾಚೀನರು. ಸುರೆಯನ್ನು ನಿಷೇಧಿಸಲೆಂದೇ ಹೊರಟ ಮನುಸ್ಮೃತಿಯು ಕೂಡ, ನಿಷೇಧಕ್ಕೆ ಮುನ್ನ ಅದನ್ನು ಮೂರು ಬಗೆಯಾಗಿ ವಿಂಗಡಿಸುವುದನ್ನು ಮರೆಯಲಿಲ್ಲ: ಬೆಲ್ಲದಿಂದಾದುದು ಗೌಡಿ, ಹಿಟ್ಟಿನಿಂದ ಅಂದರೆ ಧಾನ್ಯದಿಂದಾದುದು ಪೈಷ್ಟಿ, ಇಪ್ಪೆಯ ಹೂವಿನಿಂದಾದುದೆಂದು ಕೆಲವರೂ ಜೇನಿನಿಂದಾದುದೆಂದು ಕೆಲವರೂ ಹೇಳುವ ಮೂರನೆಯದು ಮಾಧ್ವಿ. ಹೆಸರನ್ನು ಕೇಳಿದೊಡನೆ ಮೂಲದ್ರವ್ಯವು ತಿಳಿಯಬೇಕು. ಇದು ಆ ವಿಂಗಡಣೆಯ ಸೂತ್ರ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಅರಸನ ಭೋಗಗಳನ್ನೂ ಕ್ರೀಡೆಗಳನ್ನೂ ವರ್ಣಿಸುತ್ತ ಮದಿರಾಪಾನಕ್ಕೂ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಅದೇ ಕಲ್ಯಾಣದಲ್ಲಿ, ಅದೇ ಶತಮಾನದಲ್ಲಿ, ಹೆಂಡ ಮಾರುವ ಕಾಯಕದ ಮಾರಯ್ಯನು ಶರಣರ ಸಾಲಿನಲ್ಲಿ ಕುಳಿತು ವಚನಗಳನ್ನು ರಚಿಸಿ, ಹೆಂಡದ ಮಾರಯ್ಯನೆಂಬ ಹೆಸರಿನಿಂದಲೇ ಸಾಹಿತ್ಯಚರಿತ್ರೆಯಲ್ಲಿ ಉಳಿದುಕೊಂಡನು. ದೊರೆಯೂ ಶರಣನೂ ಒಂದೇ ದ್ರವ್ಯದ ಎರಡು ದಡಗಳಲ್ಲಿ ನಿಂತವರು.

ಆ ವಿಂಗಡಣೆಯನ್ನು ನಮ್ಮ ಸೀಮೆಯಲ್ಲಿ ಶಾಸ್ತ್ರವರಿಯದ ಜನರೂ ತಮ್ಮ ರೀತಿಯಲ್ಲಿ ಉಳಿಸಿಕೊಂಡಿದ್ದರೆಂಬುದಕ್ಕೆ ಈಚಲ ಮರವೇ ಸಾಕ್ಷಿ. ಚಿತ್ರದುರ್ಗದ ಕಡೆಯ ಹಳ್ಳಗಳ ಅಂಚಿನಲ್ಲಿ, ಬೇರೇನೂ ಬೆಳೆಯದ ಚೌಳುನೆಲದಲ್ಲಿ ಎದ್ದುನಿಲ್ಲುವ ಈ ಮರದ ನೆತ್ತಿಯ ಕೆಳಭಾಗವನ್ನು ಈಡಿಗನು ಕೆತ್ತಿ, ರಸವು ಒಸರುವಂತೆ ಮಾಡಿ, ಅದರ ಕೆಳಗೆ ಮಡಕೆಯನ್ನು ಕಟ್ಟುತ್ತಿದ್ದನು. ಒಂದು ವರ್ಷ ಒಂದು ಮಗ್ಗುಲು, ಮರುವರ್ಷ ಎದುರು ಮಗ್ಗುಲು. ಆದುದರಿಂದ ಹಳೆಯ ಮರದ ಕಾಂಡವು ಮೆಟ್ಟಿಲುಮೆಟ್ಟಿಲಾಗಿ ಅತ್ತಿತ್ತ ಡೊಂಕಿ, ಅದು ಎಷ್ಟು ವರ್ಷ ರಸವಿತ್ತಿತೆಂಬ ಲೆಕ್ಕವನ್ನು ತನ್ನ ಮೈಮೇಲೆಯೇ ಬರೆದುಕೊಂಡಿರುತ್ತಿತ್ತು. ಮಡಕೆಗೆ ಸುಣ್ಣ ಬಳಿದರೆ ರಸವು ಹುಳಿಯದೆ ಸಿಹಿಯಾದ ನೀರಾ. ಬಳಿಯದಿದ್ದರೆ ಬೆಳಗಿನ ಜಾವದಲ್ಲಿ ಎಳೆಯ ಸವಿ, ಮಧ್ಯಾಹ್ನಕ್ಕೆ ನೊರೆ ಮತ್ತು ಹುಳಿ, ಸಂಜೆಯ ಹೊತ್ತಿಗೆ ತಲೆಗೇರುವ ಬಿರುಸು. ಕುಡಿಯುವವರು ಇಂಥ ಹಳ್ಳದ ಮರ, ಇಂಥವನ ಕೈಯ ಕೆತ್ತು, ಇಂಥ ಹೊತ್ತಿನ ಮಡಕೆ ಎಂದು ವ್ಯತ್ಯಾಸವನ್ನು ಹೇಳುತ್ತಿದ್ದರು. ಬೆಲ್ಲದ ಕೊಳೆಯನ್ನು ಕಾಯಿಸಿ ಇಳಿಸಿದ ಸಾರಾಯಿಗೆ ಈ ನಯವಿರಲಿಲ್ಲ. ಅಲ್ಲಿ ಮೊದಲ ಬಟ್ಟಿ, ಎರಡನೆಯ ಬಟ್ಟಿ ಎಂಬ ಬಿರುಸಿನ ಲೆಕ್ಕವೇ ಮುಖ್ಯ. ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳ’ ರತ್ನನು ಕುಡಿಯುವುದು ಈ ಹೆಂಡವನ್ನೇ ಹೊರತು ಹೆಸರಂಟಿಸಿದ ಸೀಸೆಯನ್ನಲ್ಲ ಎಂಬುದನ್ನೂ, ಆ ಪದಗಳನ್ನು ಕಟ್ಟಿದ ಕವಿ ಸ್ವತಃ ಕುಡಿಯದವರೆಂಬುದನ್ನೂ ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು.

ಹಾಗಾದರೆ ಸೀಸೆಯು ಬಂದುದು ಹೇಗೆ? ದಂಡಿನ ಹಿಂದೆ ಬಂದಿತೆಂದು ಹೇಳಬೇಕು. ಹೊಯ್ಸಳ ದಂಡನಾಯಕ ಪೋಲಾಳ್ವನು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಯಿಂದ ಪ್ರಸಿದ್ಧವಾದ ಹರಿಹರಕ್ಕೆ, ಹತ್ತೊಂಬತ್ತನೆಯ ಶತಮಾನದಲ್ಲಿ ಇನ್ನೊಂದು ಮಹತ್ತ್ವವಿದ್ದಿತು. ಅದು ದೇಶೀಯ ಸಿಪಾಯಿಗಳ ರೆಜಿಮೆಂಟೊಂದು ಬೀಡುಬಿಟ್ಟಿದ್ದ ದಂಡಿನ ಠಾಣ್ಯ. 1865ರಲ್ಲಿ ದಂಡು ಹೊರಟುಹೋಯಿತು. 1868ರಲ್ಲಿ ತುಂಗಭದ್ರೆಗೆ ಕಲ್ಲು-ಇಟ್ಟಿಗೆಯ ಕಮಾನು ಸೇತುವೆಯು ಕಟ್ಟಿ ಮುಗಿಯಿತು. ಶತಮಾನದ ಕೊನೆಯ ಭಾಗದಲ್ಲಿ ಬೆಂಗಳೂರಿನಿಂದ ಪುಣೆಯ ಕಡೆಗೆ ಸಾಗುವ ರೈಲುದಾರಿಯೂ ಇದೇ ನದಿಯನ್ನು ದಾಟಿತು. ದಂಡಿದ್ದಲ್ಲಿ ದಂಡಿನ ಅಧಿಕಾರಿಗಳ ಊಟದ ಮೇಜು, ಮೇಜಿದ್ದಲ್ಲಿ ವಿಲಾಯಿತಿ ಸೀಸೆ. ದಂಡು ಹೋದ ಮೇಲೆ ಅದನ್ನು ತಂದುದು ಸೇತುವೆ ಮತ್ತು ರೈಲು. ಜನರ ಬಾಯಲ್ಲಿ ಈ ಸೀಸೆಯನ್ನು ಮಾರುವ ಅಂಗಡಿಗೆ ಬಹುಕಾಲ ಬ್ರಾಂದಿ ಅಂಗಡಿಯೆಂದೇ ಹೆಸರು. ವಿಸ್ಕಿಯ ಹೆಸರು ಮುಂದೆ ಬಂದುದು ಬಹಳ ಈಚೆಗೆ. ಹೆಂಡಕ್ಕೆ ಪಡಖಾನೆ, ಸಾರಾಯಿಗೆ ಗಡಂಗು, ವಿಲಾಯಿತಿಗೆ ಬ್ರಾಂದಿ ಅಂಗಡಿ ಎಂಬ ಈ ಭೇದದಲ್ಲಿ ಜಾತಿ, ಹಣ, ಉಡುಪು ಎಲ್ಲವೂ ಅಡಗಿದ್ದವು.

ಅಬಕಾರಿಯು ಮೈಸೂರು ಸಂಸ್ಥಾನದ ಪ್ರಮುಖ ವರಮಾನಗಳಲ್ಲೊಂದಾಗಿದ್ದುದರಿಂದಲೇ ಸ್ವಾತಂತ್ರ್ಯ ಹೋರಾಟದ ಕೊಡಲಿಯು ಈಚಲ ಮರದ ಮೇಲೆ ಬಿದ್ದಿತು. 1939ರಲ್ಲಿ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ನಡೆದ ಸತ್ಯಾಗ್ರಹವು ಇಂಥದು: ಸತ್ಯಾಗ್ರಹಿಗಳು ಈಚಲ ವನಕ್ಕೆ ನುಗ್ಗಿ ಮರಗಳನ್ನು ಕಡಿದರು. ಅದರ ಮುಂದಾಳುಗಳಲ್ಲಿ ಒಬ್ಬರು ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು, ದಾವಣಗೆರೆಯಲ್ಲಿ ಶಾಲೆ ಓದಿದವರು, ಈ ಚಳವಳಿಗಾಗಿ ಸೆರೆಮನೆ ಕಂಡವರು. ಆಗ ದಾವಣಗೆರೆಯೂ ಹರಿಹರವೂ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದವು. ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಇತಿಹಾಸದ ವ್ಯಂಗ್ಯವನ್ನು ನೋಡಬೇಕು: ಅಂದು ಮರ ಕಡಿದ ಕೈಯೇ ಮುಂದೆ ಮುಖ್ಯಮಂತ್ರಿಯ ಪೀಠದಲ್ಲಿದ್ದ ಕಾಲದಲ್ಲಿ, 1965ರ ಮೈಸೂರು ಅಬಕಾರಿ ಕಾಯಿದೆಯು ರೂಪುಗೊಂಡು, ಪಾನನಿರೋಧದ ಯುಗವು ಮುಗಿಯುವ ಹಾದಿ ಹಿಡಿಯಿತು. ಇದನ್ನು ನಾನು ನಿಂದೆಯಾಗಿ ಹೇಳುತ್ತಿಲ್ಲ. ಬೊಕ್ಕಸವೆಂಬುದು ಸತ್ಯಾಗ್ರಹಿಯಾಗಿ ಹೊರಗಿನಿಂದ ನೋಡಿದಾಗ ಒಂದು ಬಗೆ, ಕೀಲಿಕೈ ಹಿಡಿದು ಒಳಗಿನಿಂದ ನೋಡಿದಾಗ ಇನ್ನೊಂದು ಬಗೆ.

ಆ ಸತ್ಯಾಗ್ರಹಕ್ಕೂ ಈ ಅಬಕಾರಿ ಕಾಯಿದೆಗೂ ನಡುವಣ ಕಾಲದಲ್ಲಿ ಹರಿಹರದ ಸ್ಥಿತಿಯು ವಿಚಿತ್ರವಾಗಿದ್ದಿತು. ನದಿಯ ಈ ದಡ ಮೈಸೂರು. ಆ ದಡದ ರಾಣೆಬೆನ್ನೂರು ಸೀಮೆಯು ಧಾರವಾಡ ಜಿಲ್ಲೆಯೊಳಗಿದ್ದು ಮುಂಬಯಿ ಪ್ರಾಂತ್ಯ. ಮೈಸೂರಿನಲ್ಲಿ 1948ರ ಪಾನನಿರೋಧ ಕಾಯಿದೆಯು ಹಂತಹಂತವಾಗಿ ಕಾಲಿಟ್ಟರೆ, ಮುಂಬಯಿಯಲ್ಲಿ 1949ರ ಕಾಯಿದೆಯು ಮರುವರ್ಷದಿಂದ ಪ್ರಾಂತ್ಯವನ್ನೆಲ್ಲ ಒಣಗಿಸಿಬಿಟ್ಟಿತು. ಅಲ್ಲಿ ವಿಲಾಯಿತಿ ಮದ್ಯ ಬೇಕಾದವನು ಪರವಾನಗಿ ಪಡೆಯಬೇಕು. ಈ ಕಾಯಿದೆಯ ವಿರುದ್ಧ ಬಾಲ್ಸಾರಾ ಎಂಬವರು ಹೂಡಿದ ವ್ಯಾಜ್ಯವು 1951ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪನ್ನು ಕಂಡಿತು. ವಿಸ್ಕಿ, ಬ್ರಾಂದಿಗಳ ಜೊತೆಗೆ ಔಷಧಿಯ ವೈನನ್ನೂ ಸುಗಂಧದ ಓಡಿಕೊಲೋನನ್ನೂ ಇಟ್ಟುಕೊಳ್ಳುವ ಹಕ್ಕನ್ನು ಅವರು ಕೇಳಿದ್ದರು. ನ್ಯಾಯಾಲಯವು ಕಾಯಿದೆಯ ಬಹುಭಾಗವನ್ನು ಎತ್ತಿಹಿಡಿದು, ಔಷಧಿ ಮತ್ತು ಪ್ರಸಾಧನದ್ರವ್ಯಗಳನ್ನು ಮಾತ್ರ ಅದರ ಹಿಡಿತದಿಂದ ಬಿಡಿಸಿತು. 1956ರ ನವೆಂಬರ್ ಒಂದರಂದು ಎರಡು ದಡಗಳೂ ಒಂದೇ ರಾಜ್ಯವಾದವು. ಆದರೂ ದಡಕ್ಕೊಂದು ಕಾಯಿದೆಯ ತೊಡಕು ಒಡನೆಯೇ ಬಗೆಹರಿಯಲಿಲ್ಲ. ಸೇತುವೆಯ ನಡುವೆ ನಿಂತವನು ಒಂದು ಹೆಜ್ಜೆ ಅತ್ತ ಇಟ್ಟರೆ ಒಂದು ಅಪರಾಧಿ, ಇತ್ತ ಇಟ್ಟರೆ ಇನ್ನೊಂದು ಬಗೆಯ ಅಪರಾಧಿ.

ಪಾನನಿರೋಧವು ಸಡಿಲವಾದಾಗ ಎಲ್ಲೆಡೆಯೂ ಹಬ್ಬಿದುದು ಹೊಸ ಜಾತಿಯ ಮದ್ಯ. ಸರ್ಕಾರದ ಭಾಷೆಯಲ್ಲಿ ಇದಕ್ಕೆ ಭಾರತದಲ್ಲಿ ತಯಾರಾದ ವಿದೇಶಿ ಮದ್ಯವೆಂದು ಹೆಸರು. ಇಲ್ಲಿಯೇ ಹುಟ್ಟಿದ್ದು, ಆದರೂ ಪರದೇಶಿ. ಈ ನಾಮಕರಣವನ್ನು ಮಾಡಿದ ಅಧಿಕಾರಿಯು ಯಾರೇ ಆಗಿರಲಿ, ಅರಿಯದೆ ತರ್ಕಶಾಸ್ತ್ರದ ಒಂದು ಸಮಸ್ಯೆಯನ್ನೇ ಹಾಕಿಹೋದನು. ಈ ಮದ್ಯದ ಬಹುಭಾಗವು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಇಳಿಸಿದ ಶುದ್ಧ ಮದ್ಯಸಾರ. ಅದಕ್ಕೆ ನೀರು, ಸುಟ್ಟ ಸಕ್ಕರೆಯ ಬಣ್ಣ, ವಾಸನೆಯ ದ್ರವ್ಯ, ಮೇಲ್ತರಗತಿಯದಾದರೆ ಒಂದಿಷ್ಟು ಮಾಲ್ಟ್. ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಹುಟ್ಟಿ, ಅದಕ್ಕೆ ಬಟ್ಟಿಖಾನೆಯೂ ಸೇರಿದ ಕಾಲದಿಂದ, ಕಾಕಂಬಿಯೆಂಬ ಕಪ್ಪು ಪಾಕವು ಎಸೆಯುವ ಕಸವಾಗಿರದೆ ಖಜಾನೆಯ ಬೆಲ್ಲವಾಗಿದ್ದಿತು. ಭದ್ರಾ ನಾಲೆಯ ನೀರು ದಾವಣಗೆರೆಯ ಹೊಲಗಳಿಗೆ ಹರಿದ ಮೇಲೆ ಇಲ್ಲಿಯೂ ಭತ್ತದೊಡನೆ ಕಬ್ಬು ನಿಂತಿತು, ಕುಕ್ಕುವಾಡದಲ್ಲಿ ಸಕ್ಕರೆ ಕಾರ್ಖಾನೆಯೂ ಎದ್ದಿತು. ಮನುವಿನ ಪರಿಭಾಷೆಯಲ್ಲಿ ಹೇಳಬೇಕಾದರೆ ನಮ್ಮ ಮೇಜಿನ ಮೇಲಿನ ವಿಸ್ಕಿಯು ಶುದ್ಧಾಂಗ ಗೌಡಿ. ಉಟ್ಟಿರುವುದು ಮಾತ್ರ ಪೈಷ್ಟಿಯ ಸೀರೆ. ಸ್ಕಾಟ್ಲೆಂಡಿನವರೂ ಯೂರೋಪಿನ ಕಾನೂನೂ ಧಾನ್ಯದಿಂದ ಬಟ್ಟಿಯಿಳಿಸಿ ಕನಿಷ್ಠ ಮೂರು ವರ್ಷ ಮರದ ಪೀಪಾಯಿಯಲ್ಲಿ ಹದಗೊಳಿಸದ ವಸ್ತುವಿಗೆ ವಿಸ್ಕಿಯೆಂಬ ಹೆಸರನ್ನೇ ಕೊಡುವುದಿಲ್ಲ. ಅಲ್ಲಿಯವರು ಇದನ್ನು ರಮ್ಮಿನ ತಂಗಿಯೆಂದಾರು. ನಮ್ಮ ಸ್ಮೃತಿಕಾರನು ಅವರ ಪಕ್ಷವನ್ನೇ ಹಿಡಿಯುತ್ತಿದ್ದನೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಹೆಸರಿನ ಈ ಮಹಿಮೆಗೆ ಬೆಂಗಳೂರಿನ ಖೋಡೇ ಸಂಸ್ಥೆಯ ಪೀಟರ್ ಸ್ಕಾಟ್ ವಿಸ್ಕಿಯ ವ್ಯಾಜ್ಯದಷ್ಟು ಸ್ವಾರಸ್ಯವಾದ ನಿದರ್ಶನವು ಇನ್ನೊಂದಿಲ್ಲ. 1968ರಲ್ಲಿ ಹುಟ್ಟಿದ ಈ ಸೀಸೆಗೆ ಹೆಸರನ್ನು ಸೂಚಿಸಿದವನು ಪೀಟರ್ ವಾರನ್ ಎಂಬ ವಿದೇಶೀ ತಜ್ಞ. ತನ್ನ ತಂದೆಯು ಸ್ಕಾಟ್ ಜನಾಂಗದವನಾದುದು, ದಕ್ಷಿಣಧ್ರುವದ ಅನ್ವೇಷಕ ಕ್ಯಾಪ್ಟನ್ ಸ್ಕಾಟ್ ಮತ್ತು ಅವನ ಮಗ ಪೀಟರ್ ಸ್ಕಾಟ್ ಇವರೆಲ್ಲ ತನ್ನ ಮನಸ್ಸಿನಲ್ಲಿ ಸುಳಿದರೆಂದು ಅವನು ಮುಂದೆ ಪ್ರಮಾಣಪೂರ್ವಕವಾಗಿ ಹೇಳಿದನು. ಸ್ಕಾಚ್ ವಿಸ್ಕಿ ಸಂಘಕ್ಕೆ ಈ ಹೆಸರಿನ ಸುದ್ದಿಯು 1974ರಲ್ಲಿಯೇ ತಿಳಿದಿತ್ತು. ಆದರೆ ಅವರು ವ್ಯಾಪಾರಚಿಹ್ನೆಯ ದಾಖಲೆಯನ್ನು ತಿದ್ದಿಸಲು ಅರ್ಜಿ ಹಾಕಿದುದು 1986ರಲ್ಲಿ. ನ್ಯಾಯಾಲಯಗಳ ಮೆಟ್ಟಿಲುಗಳನ್ನೇರುತ್ತೇರುತ್ತ ಪ್ರಕರಣವು 2008ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು, ಖೋಡೇಯವರು ಗೆದ್ದರು. ತಡಮಾಡಿದುದು ಒಂದು ಕಾರಣ. ಇನ್ನೊಂದು ಕಾರಣವು ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು: ಸ್ಕಾಚನ್ನು ಕೊಳ್ಳುವವನು ತಿಳಿವಳಿಕೆಯುಳ್ಳ, ವಿವೇಚಿಸಿ ಆರಿಸಬಲ್ಲ ಗ್ರಾಹಕನಾದುದರಿಂದ ಅವನು ಹೆಸರಿನಿಂದ ಸುಲಭವಾಗಿ ಮೋಸಹೋಗಲಾರನೆಂದು ನ್ಯಾಯಮೂರ್ತಿಗಳು ಅಭಿಪ್ರಾಯಪಟ್ಟರು. ಅಂದರೆ ಹೋಲಿಸಿ ನೋಡುವ ರಸಿಕನೆಂಬವನಿಗೆ ದೇಶದ ಸರ್ವೋಚ್ಚ ನ್ಯಾಯಾಲಯದಿಂದ ಒಂದು ಬಗೆಯ ಪ್ರಶಸ್ತಿಪತ್ರವೇ ದೊರೆತಂತಾಯಿತು. ಈ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಹೇಳಿದಾಗ ಮಾವನವರು ಮಂಡಕ್ಕಿಯ ಮುಕ್ಕನ್ನು ಬಾಯಿಗೆ ಹಾಕಿಕೊಂಡು, “ಸ್ಕಾಚ್ ಕುಡಿಯೋರಿಗೆ ಹೇಳಿದ್ದಲ್ಲೇನೋ ಅದು? ನಮ್ಮ ಬಗ್ಗೆ ಏನಂತ ಬರದಾರ?” ಎಂದರು. ಉತ್ತರವಿರಲಿಲ್ಲ.

ಲೇತಿನ ಮನುಷ್ಯನಿಗೆ ಇಂಥ ಪ್ರಶ್ನೆ ಸಹಜ. 1941ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ, 1970ರ ದಶಕದಲ್ಲಿ ಎದುರು ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಚಿಮಣಿ ಎತ್ತುವ ತನಕ, ಈ ಪುಟ್ಟ ಕ್ಷೇತ್ರವು ಸಂಬಳದ ದಿನವುಳ್ಳ ಊರಾಗಿ ಮಾರ್ಪಟ್ಟಿತು. ಸಾವಿರದಲ್ಲೊಂದಂಶದ ಅಳತೆ ತಪ್ಪಿದರೂ ತುಂಡನ್ನು ತಿರಸ್ಕರಿಸುವ ಶಿಸ್ತನ್ನು ಹಗಲೆಲ್ಲ ಪಾಲಿಸಿದವರು, ಸಂಬಳದ ಸಂಜೆ ಹೆಸರಂಟಿಸಿದ ಕ್ವಾರ್ಟರಿನ ಮುಂದೆ ಕುಳಿತು ಹಾಗೆಯೇ ಅಳೆಯಲು ತೊಡಗಿದರು; ಆದರೆ ಅಳತೆಗೋಲು ಇರಲಿಲ್ಲ. ಬೆಳಗ್ಗೆ ತಲೆ ನೋಯಿತೇ ಇಲ್ಲವೇ ಎಂಬುದೊಂದೇ ಅವರ ಮೈಕ್ರೋಮೀಟರು.

ಇನ್ನು ಮೆಕ್ಕೆಜೋಳದ ಮಾತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವೊಂದಿತ್ತು. 1930ರ ದಶಕದಿಂದ ಒಂದೊಂದಾಗಿ ಎದ್ದ ಹತ್ತಿ ಗಿರಣಿಗಳ ಸಿಳ್ಳೆಗೆ ಊರು ಏಳುತ್ತಿತ್ತು, ಊರು ಮಲಗುತ್ತಿತ್ತು. ಗಿರಣಿಗಳು ಮುಚ್ಚಿದವು, ಜಗಳೂರಿನ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಹತ್ತಿಯ ಜಾಗವನ್ನೂ ಬಿಳಿಜೋಳದ ಜಾಗವನ್ನೂ ಬಹುಮಟ್ಟಿಗೆ ಮೆಕ್ಕೆಜೋಳವು ಆಕ್ರಮಿಸಿತು. ಇದಕ್ಕೆ ಈ ಕಡೆ ಮೆಕ್ಕೆಜೋಳವೆಂದೂ ನದಿಯಾಚೆ ಗೋವಿನಜೋಳವೆಂದೂ ತೆಂಕಣ ಮೈಸೂರಿನಲ್ಲಿ ಮುಸುಕಿನ ಜೋಳವೆಂದೂ ಹೆಸರು. ಮೂರು ಹೆಸರುಗಳಿದ್ದರೂ ಮೂಲವು ಒಂದೇ, ಅಮೆರಿಕ. ಸುಗ್ಗಿಯ ಕಾಲದಲ್ಲಿ ದಾವಣಗೆರೆಯ ಕೃಷಿ ಮಾರುಕಟ್ಟೆಯ ಪ್ರಾಂಗಣಕ್ಕೆ ಹೋದವನಿಗೆ ಹೊಂಬಣ್ಣದ ಗುಡ್ಡಗಳ ನಡುವೆ ದಾರಿ ಹುಡುಕಬೇಕಾಗುವುದು. ಇಷ್ಟೂ ಕಾಳು ಕೋಳಿಯ ಮೇವಿಗೆ, ಗಂಜಿಪುಡಿಯ ಕಾರ್ಖಾನೆಗೆ, ಈಚೆಗೆ ಪೆಟ್ರೋಲಿಗೆ ಬೆರೆಸುವ ಎಥೆನಾಲಿಗೆ. ಕುಡಿಯುವವನ ಲೋಟಕ್ಕೆ ಇದು ಹೋಗುವ ದೇಶ ಬೇರೆ.

ಅಮೆರಿಕದಲ್ಲಿ ನೆಲಸಿದ ನಮ್ಮ ಮನೆಯ ಹುಡುಗನೊಬ್ಬ ರಜಕ್ಕೆ ಬಂದಾಗ, ಕೆಂಪು ಮೇಣದಲ್ಲಿ ಕತ್ತನ್ನದ್ದಿದ ಒಂದು ಸೀಸೆಯನ್ನು ಮಾವನ ಮುಂದಿಟ್ಟನು. ಮೇಕರ್ಸ್ ಮಾರ್ಕ್ ಎಂಬ ಬೂರ್ಬನ್.

“ಇದು ಮೆಕ್ಕೆಜೋಳದ್ದು, ಅಜ್ಜ.”

“ಕೋಳಿ ತಿನ್ನೋ ಜೋಳಾನ ಕುಡೀತಾರೇನೋ ಅಲ್ಲಿ?” ಎಂದು ಅವರು ನಕ್ಕರು. ದಲಾಲರು ನಗಲಿಲ್ಲ. ಲೋಟವನ್ನು ಬೆಳಕಿಗೆ ಹಿಡಿದು, ಮೂಗಿಗೆ ಹಿಡಿದು, ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಅವರ ಮೂವತ್ತು ವರ್ಷದ ವಾದದಲ್ಲಿ ನಾನು ಮೊದಲ ಬಾರಿಗೆ ಕೇಳಿದ ಪ್ರಶ್ನೆಯನ್ನು ಕೇಳಿದರು: “ಎಷ್ಟು ಪಾಲು ಜೋಳ ಹಾಕ್ತಾರ?”

ಹುಡುಗನು ಓದಿಕೊಂಡಿದ್ದನು. ಬೂರ್ಬನ್ನಿನ ಧಾನ್ಯದಲ್ಲಿ ನೂರಕ್ಕೆ ಕನಿಷ್ಠ 51 ಪಾಲು ಮೆಕ್ಕೆಜೋಳವೇ ಇರಬೇಕು. ಉಳಿದುದು ರೈ ಎಂಬ ಧಾನ್ಯ ಮತ್ತು ಮೊಳಕೆ ಬರಿಸಿದ ಬಾರ್ಲಿ. ಈ ಸೀಸೆಯಲ್ಲಿ ಮಾತ್ರ ರೈಯ ಬದಲು ಗೋಧಿ, ಆದುದರಿಂದ ಖಾರ ಕಡಿಮೆ, ಮಾರ್ದವ ಹೆಚ್ಚು. ಶೇಕಡ 80ಕ್ಕಿಂತ ಹೆಚ್ಚು ಬಿರುಸಿಗೆ ಇಳಿಸಕೂಡದು, ಪೀಪಾಯಿಗೆ ಸುರಿಯುವಾಗ 62.5ಕ್ಕೆ ಮೀರಕೂಡದು, ಪೀಪಾಯಿಯು ಹೊಸ ಓಕ್ ಮರದ್ದು, ಒಳಮೈ ಸುಟ್ಟು ಇದ್ದಲಾಗಿರಬೇಕು, ಬಣ್ಣ, ವಾಸನೆಗಳನ್ನು ಹೊರಗಿನಿಂದ ಬೆರೆಸುವಂತಿಲ್ಲ. 1964ರಲ್ಲಿ ಅಮೆರಿಕದ ಸಂಸತ್ತು ಇದನ್ನು ತನ್ನ ದೇಶದ ವಿಶಿಷ್ಟ ಪದಾರ್ಥವೆಂದು ಸಾರಿತು. ಅಲ್ಲಿಯ ಆಸಕ್ತರು ಹೋಲಿಸುವಾಗ ಮೊದಲೆತ್ತುವ ಮಾತು ಈ ಧಾನ್ಯದ ಲೆಕ್ಕದ್ದು: ರೈ ಹೆಚ್ಚೋ ಗೋಧಿ ಇದೆಯೋ, ಯಾವ ಉಗ್ರಾಣದ ಯಾವ ಅಂತಸ್ತಿನಲ್ಲಿ ಪೀಪಾಯಿ ಮಲಗಿತ್ತು, ಎಷ್ಟು ಬೇಸಿಗೆಗಳನ್ನು ಕಂಡಿತು. ಇದನ್ನೆಲ್ಲ ಕೇಳುತ್ತ ನನಗೆ ಈಚಲ ಹಳ್ಳಗಳ ಜ್ಞಾಪಕವಾಯಿತು. ಇಂಥ ಮರ, ಇಂಥ ಕೈ, ಇಂಥ ಹೊತ್ತು. ನಮ್ಮವರು ಕಳೆದುಕೊಂಡ ವ್ಯಾಕರಣವನ್ನು ಬೂರ್ಬನ್ನಿನ ತವರಾದ ಕೆಂಟಕಿಯವರು ಬೇರೊಂದು ಲಿಪಿಯಲ್ಲಿ ಬರೆದಿಟ್ಟುಕೊಂಡಿದ್ದರು.

ಕಳೆದುಕೊಂಡುದನ್ನು ಮರಳಿ ಪಡೆದವರು ಕನ್ನಡನಾಡಿನಲ್ಲಿಯೇ ಇದ್ದಾರೆ. 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಅಮೃತ್ ಡಿಸ್ಟಿಲರೀಸ್ ಬಹುಕಾಲ ಎಲ್ಲರಂತೆ ಬ್ರಾಂದಿ, ರಮ್ಮುಗಳನ್ನೇ ಮಾಡಿಕೊಂಡಿದ್ದಿತು. ಅವರ ಮಗ ನೀಲಕಂಠರಾವ್ ಜಗದಾಳೆಯವರ ಕಾಲದಲ್ಲಿ, ಬೆರಕೆಗೆಂದು ಪೀಪಾಯಿಗಳಲ್ಲಿಟ್ಟಿದ್ದ ಬಾರ್ಲಿಯ ಮಾಲ್ಟ್ ವಿಸ್ಕಿಯನ್ನು ಶುದ್ಧರೂಪದಲ್ಲಿಯೇ ಏಕೆ ಮಾರಬಾರದೆಂಬ ಯೋಚನೆ ಮೊಳೆಯಿತು. ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿ ಓದುತ್ತಿದ್ದ ಮೊಮ್ಮಗ ರಕ್ಷಿತ್ ಜಗದಾಳೆಯವರು ಅದನ್ನು ಪರೀಕ್ಷಿಸಿದ ಬಗೆಯನ್ನು ನಾನು ಈ ಇಡೀ ಚರಿತ್ರೆಯ ಅತ್ಯಂತ ನ್ಯಾಯವಾದ ಹೋಲಿಕೆಯೆಂದು ತಿಳಿಯುತ್ತೇನೆ. ಸ್ಕಾಟ್ಲೆಂಡಿನ ಪಾನಗೃಹಗಳಲ್ಲಿ, ಹೆಸರನ್ನು ಹೇಳದೆ, ಸೀಸೆಯನ್ನು ತೋರಿಸದೆ, ಅಲ್ಲಿಯವರ ಮುಂದೆ ಲೋಟವನ್ನಿಟ್ಟು ಇದು ಎಲ್ಲಿಯದೆಂದು ಕೇಳಿದರು. ಕುಡಿದವರು ಅದನ್ನು ತಮ್ಮದೇ ನಾಡಿನ, ಬಹುವರ್ಷ ಮಾಗಿದ ಮಾಲ್ಟ್ ಎಂದೇ ಬಗೆದರು. 2004ರ ಆಗಸ್ಟಿನಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಗ್ಲಾಸ್ಗೋ ನಗರದಲ್ಲಿಯೇ ಬಿಡುಗಡೆಯಾಯಿತು. 2010ರ ಆವೃತ್ತಿಯ ವಿಸ್ಕಿ ಬೈಬಲ್ಲಿನಲ್ಲಿ ವಿಮರ್ಶಕ ಜಿಮ್ ಮರೆ ಅವರು ಅಮೃತ್ ಫ್ಯೂಷನ್ನಿಗೆ ನೂರಕ್ಕೆ 97 ಅಂಕಗಳನ್ನಿತ್ತು ಜಗತ್ತಿನ ಮೂರನೆಯ ಸ್ಥಾನದಲ್ಲಿ ನಿಲ್ಲಿಸಿದರು. ಫ್ಯೂಷನ್ ಎಂದರೆ ಕೂಡುವಿಕೆ. ಭಾರತದ ಬಾರ್ಲಿಯನ್ನೂ, ಪೀಟ್ ಹೊಗೆಯಲ್ಲಿ ಒಣಗಿಸಿದ ಸ್ಕಾಟ್ಲೆಂಡಿನ ಬಾರ್ಲಿಯನ್ನೂ ಅದರಲ್ಲಿ ಕೂಡಿಸಲಾಗಿದೆ.

ಬೆಂಗಳೂರಿನ ಬಿಸಿಲಿಗೆ ಪೀಪಾಯಿಯೊಳಗಿನ ವಿಸ್ಕಿಯು ಬೇಗ ಮಾಗುತ್ತದೆ, ಬೇಗ ಆವಿಯೂ ಆಗುತ್ತದೆ. ಹೀಗೆ ಹಾರಿಹೋಗುವುದಕ್ಕೆ ಸ್ಕಾಟ್ಲೆಂಡಿನವರು ದೇವದೂತರ ಪಾಲೆಂದು ಹೆಸರಿಟ್ಟಿದ್ದಾರೆ. ಅಲ್ಲಿ ವರ್ಷಕ್ಕೆ ನೂರಕ್ಕೆ ಎರಡರಷ್ಟು ಹಾರಿಹೋದರೆ ಇಲ್ಲಿ ಹತ್ತಕ್ಕೂ ಮೇಲೆ. ನಮ್ಮ ದೇವತೆಗಳು ಹೆಚ್ಚು ಬಾಯಾರಿದವರೆಂದು ಕಾಣುತ್ತದೆ. ದಾವಣಗೆರೆಯ ಏಪ್ರಿಲಿನಲ್ಲಿ ಪೀಪಾಯಿಯನ್ನಿಟ್ಟರೆ ಅವರು ಮರವನ್ನೂ ಬಿಡಲಾರರು.

ಇಷ್ಟಾದರೂ ಈ ಕೀರ್ತಿಯ ಸೀಸೆಯು ಬಹುಜನರ ಮೇಜಿನದಲ್ಲ. 2007ರ ಜುಲೈ ಒಂದರಂದು ಕರ್ನಾಟಕವು ಸಾರಾಯಿಯನ್ನು ನಿಷೇಧಿಸಿದಾಗ, ಪ್ಲಾಸ್ಟಿಕ್ಕಿನ ಪೊಟ್ಟಣವನ್ನು ಹಲ್ಲಿನಿಂದ ಹರಿದು ಕುಡಿಯುತ್ತಿದ್ದ ಕೂಲಿಯವರು ಅಗ್ಗದ ವಿಸ್ಕಿಗೆ ವರ್ಗವಾದರು. ಗಡಂಗುಗಳು ಹೋದವು, ಒರಿಜಿನಲ್ ಚಾಯ್ಸ್, ರಾಜಾ ಮೊದಲಾದ ಹೆಸರುಗಳು ಕಾಗದದ ಪೆಟ್ಟಿಗೆಗಳಲ್ಲಿ ಹಳ್ಳಿಹಳ್ಳಿಗೆ ನಡೆದವು. ಹಮಾಲರು ಅದನ್ನು ‘ನೈಂಟಿ’ ಎಂದು ಕರೆಯುತ್ತಾರೆ. ಹೆಸರೂ ಅಲ್ಲ, ಧಾನ್ಯವೂ ಅಲ್ಲ, ಬರಿಯ ಅಳತೆ. ಇವರನ್ನು ಕುರಿತು ಮೂಗು ಮುರಿಯುವ ರಸಿಕರನ್ನು ನಾನು ಕಂಡಿದ್ದೇನೆ. ದಿನವಿಡೀ ಮೆಕ್ಕೆಜೋಳದ ಮೂಟೆ ಹೊತ್ತ ಬೆನ್ನಿಗೆ ಸುವಾಸನೆಯ ವಿಚಾರಕ್ಕಿಂತ ನೋವಿನ ವಿಚಾರವೇ ಮುಖ್ಯವೆಂಬುದನ್ನು ಅವರು ಅರಿಯರು.

ಬೂರ್ಬನ್ ಸೀಸೆಯು ತೀರಿದ ಮರುವಾರ ನಾನು ದಲಾಲರ ಅಂಗಡಿಗೆ ಹೋಗಿದ್ದೆ. ಹಿಂದಿನ ರಾತ್ರಿ ಮಳೆ ಬಿದ್ದು, ಪ್ರಾಂಗಣದಲ್ಲಿ ಹೊದಿಕೆ ಹಾಸಿದ ರಾಶಿಗಳ ಅಂಚು ತೊಯ್ದಿತ್ತು. ಜಗಳೂರಿನ ಕಡೆಯ ರೈತನೊಬ್ಬನು ತನ್ನ ರಾಶಿಯ ಪಕ್ಕ ನಿಂತಿದ್ದನು. ತೇವ ನೋಡುವ ಯಂತ್ರವು ಮೇಜಿನ ಮೇಲೆಯೇ ಇದ್ದರೂ ದಲಾಲರು ಅದನ್ನು ಮುಟ್ಟದೆ, ರಾಶಿಯ ಒಳಕ್ಕೆ ಮೊಣಕೈವರೆಗೆ ತೋಳಿಳಿಸಿ ಒಂದು ಹಿಡಿ ತೆಗೆದು, ಮೂಸಿ, ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಟಕ್ಕೆಂದು ಕಡಿದರು. “ಹದಿನಾರು ಐತಿ ತೇವ. ಎರಡು ದಿನ ಒಣಗಿಸಪ್ಪ,” ಎಂದರು. ರೈತನು ಯಂತ್ರದಲ್ಲಿ ಹಾಕಿ ನೋಡೆಂದನು. ನೋಡಿದರು. ಹದಿನಾರು ಪಾಯಿಂಟ್ ಎರಡು. ದಲಾಲರು ಮಾತ್ರ ಯಂತ್ರದ ಕಡೆ ನೋಡದೆ, ಹಲ್ಲಿನ ಸಂದಿಯ ಹಿಟ್ಟನ್ನು ನಾಲಗೆಯಿಂದ ತೆಗೆಯುತ್ತ, ಒಂದಿಷ್ಟು ಹೊತ್ತು ಏನನ್ನೋ ಜ್ಞಾಪಿಸಿಕೊಳ್ಳುವವರಂತೆ ಕಣ್ಣು ಮುಚ್ಚಿ ನಿಂತಿದ್ದರು.